ಕೊಟ್ಟಿಟ್ಟ ವಸ್ತುವನ್ನು ವಾಪಸ್ ಕೊಡಲೇಬೇಕಾ?

ನಮ್ಮ ಕ್ಯಾಂಪಸ್ಸಿನಲ್ಲಿ 'ಲಾ' ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಓಮ್ಸ್ ಲಾ, ಕಿರ್ಚಾಫ್ಸ್ ಲಾ, ಇಲ್ಲಾಂದ್ರೆ ಥರ್ಮೋಡೈನಮಿಕ್ಸ್‌ನ ಸೆಕೆಂಡ್ ಲಾ. ಇವುಗಳ ವಿಶೇಷ ಏನಂದ್ರೆ ಇವನ್ನು ಮುರಿಯೋಕೆ ಆಗಲ್ಲ. ಮೂರನೇ ಮಹಡಿಯಿಂದ ಕೈತಪ್ಪಿದ ಕ್ಯಾಲ್ಕ್ಯುಲೇಟರ್ ಬೀಳಲೋ ಬೇಡವೋ ಅಂತ ಯೋಚನೆ ಮಾಡುತ್ತಾ ನಿಲ್ಲಲ್ಲ. ಇನ್ನೊಂದು ಥರದ ಲಾ ಕೂಡ ನಮಗೆ ಚೆನ್ನಾಗಿ ಗೊತ್ತು. ಅಟೆಂಡೆನ್ಸ್ ಇಷ್ಟಿರಬೇಕು, ಹಾಸ್ಟೆಲ್ ಗೇಟ್ ಇಷ್ಟು ಗಂಟೆಗೆ ಮುಚ್ಚುತ್ತೆ. ಇವನ್ನು ಯಾರೋ ಕೂತು ಮಾಡಿದ್ದಾರೆ, ನಾಳೆ ಬದಲಾಯಿಸಲೂಬಹುದು.

ಈ ಎರಡೂ ಅಲ್ಲದ ಮೂರನೆಯ ಥರದ ಲಾ ಒಂದಿದೆ. ಯಾವ ಸರ್ಕಾರವೂ ಅದನ್ನು ಪಾಸ್ ಮಾಡಿಲ್ಲ, ಯಾವ ನೋಟಿಸ್ ಬೋರ್ಡಿನಲ್ಲೂ ಹಾಕಿಲ್ಲ. ಆದರೂ ಮನುಷ್ಯರಾಗಿ ಹುಟ್ಟಿದವರೆಲ್ಲರ ಮೇಲೂ ಅದು ಅನ್ವಯವಾಗುತ್ತೆ. ಆದರೆ ಗುರುತ್ವಾಕರ್ಷಣೆಯ ಹಾಗಲ್ಲ, ಇದನ್ನು ನಾವು ಮುರಿಯಬಹುದು. ಮಧ್ಯಯುಗದ ಕ್ರೈಸ್ತ ತತ್ವಜ್ಞಾನಿಗಳು ಇದನ್ನು ನ್ಯಾಚುರಲ್ ಲಾ ಅಂತ ಕರೆದರು. ಕನ್ನಡದಲ್ಲಿ 'ನಿಸರ್ಗ ನಿಯಮ' ಅಂದ್ರೆ ಮತ್ತೆ ಫಿಸಿಕ್ಸ್ ಆಗಿಬಿಡುತ್ತೆ, 'ಧರ್ಮ' ಅಂದ್ರೆ ನೂರು ಅರ್ಥ ಬರುತ್ತೆ. ಹಾಗಾಗಿ ಈ ಲೇಖನದಲ್ಲಿ ನಾನು 'ಸಹಜ ನಿಯಮ' ಅಂತ ಬರೆಯುತ್ತೇನೆ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು ನಾನು, ಇದಕ್ಕಿಂತ ಒಳ್ಳೆ ಪದ ನಿಮ್ಮಲ್ಲಿದ್ದರೆ ದಯವಿಟ್ಟು ಕಾಮೆಂಟ್ ಮಾಡಿ.

ಈ ವಿಷಯ ನಾನಾಗಿ ಹುಡುಕಿಕೊಂಡು ಹೋದದ್ದಲ್ಲ. ಯೂನಿವರ್ಸಲ್ ಹ್ಯೂಮನ್ ವ್ಯಾಲ್ಯೂಸ್ ಕ್ಲಾಸಿನಲ್ಲಿ ಪ್ರೆಸೆಂಟೇಷನ್‌ಗೆ ಅಂತ ಮೇಡಂ ಚೀಟಿ ಎತ್ತಿಸಿದರು. ಪಕ್ಕದವನಿಗೆ ಗಾಂಧೀಜಿ ಬಂದರು, ಹಿಂದಿನ ಬೆಂಚಿನವಳಿಗೆ ಬುದ್ಧ. ನನ್ನ ಚೀಟಿಯಲ್ಲಿದ್ದದ್ದು ಥಾಮಸ್ ಅಕ್ವಿನಾಸ್. ಆ ಹೆಸರನ್ನು ಹೇಗೆ ಉಚ್ಚರಿಸಬೇಕು ಅನ್ನೋದೂ ಆಗ ನನಗೆ ಗೊತ್ತಿರಲಿಲ್ಲ. ಹತ್ತು ಸ್ಲೈಡ್ ಮಾಡಿ ಮುಗಿಸೋಣ ಅಂತ ಓದೋಕೆ ಕೂತವನು ಅಲ್ಲಿಗೇ ನಿಲ್ಲಿಸೋಕೆ ಆಗಲಿಲ್ಲ. ಅದಕ್ಕೆ ಎರಡು ಕಾರಣ ಇದ್ದವು.

ಮೊದಲನೆಯದು ಅವನ ವಯಸ್ಸು. ಅಕ್ವಿನಾಸ್ ಹುಟ್ಟಿದ್ದು ಸುಮಾರು 1225ರಲ್ಲಿ, ಇಟಲಿಯಲ್ಲಿ ರೋಮ್ ಮತ್ತು ನೇಪಲ್ಸ್ ನಡುವಿನ ರೊಕ್ಕಸೆಕ್ಕಾ ಅನ್ನೋ ಕೋಟೆಯಲ್ಲಿ. ದೊಡ್ಡ ಮನೆತನ. ಐದನೇ ವಯಸ್ಸಿಗೇ ಅವನನ್ನು ಮಾಂಟೆ ಕ್ಯಾಸಿನೊ ಅನ್ನುವ ಪ್ರಸಿದ್ಧ ಮಠಕ್ಕೆ ಕಳಿಸಿದರು. ಮುಂದೆ ಅದೇ ಮಠಕ್ಕೆ ಮಗ ಮುಖ್ಯಸ್ಥ ಆಗಲಿ ಅನ್ನೋದು ಮನೆಯವರ ಪ್ಲಾನ್. ಆಮೇಲೆ ನೇಪಲ್ಸ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಹುಡುಗ ಪ್ಲಾನ್ ಬದಲಾಯಿಸಿದ. 1244ರ ಸುಮಾರಿಗೆ, ಅಂದ್ರೆ ಹೆಚ್ಚುಕಡಿಮೆ ಹತ್ತೊಂಬತ್ತನೇ ವಯಸ್ಸಿಗೆ, ಡೊಮಿನಿಕನ್ನರ ಸಂಘ ಸೇರಿದ. ಭಿಕ್ಷೆ ಬೇಡಿ ಬದುಕುತ್ತಾ, ಓದುತ್ತಾ, ಉಪದೇಶ ಮಾಡುತ್ತಾ ತಿರುಗುವವರು ಅವರು. ಆಗಿನ್ನೂ ಹೊಸ ಸಂಘ. ಅಮ್ಮನಿಗೆ ಎಷ್ಟು ಕೋಪ ಬಂತು ಅಂದ್ರೆ, ಅಣ್ಣಂದಿರನ್ನೇ ಕಳಿಸಿ ದಾರಿಯಲ್ಲಿ ತಮ್ಮನನ್ನು ಹಿಡಿಸಿ ತಂದು ಸುಮಾರು ಒಂದು ವರ್ಷ ಮನೆಯಲ್ಲೇ ಕೂಡಿಹಾಕಿದರು. ಅವನು ಮನಸ್ಸು ಬದಲಾಯಿಸಲಿಲ್ಲ. ಕೊನೆಗೆ ಮನೆಯವರೇ ಸೋತು ಬಿಟ್ಟರು. ಸಿಇಟಿ ಆಪ್ಷನ್ ಎಂಟ್ರಿ ದಿನ ಅಪ್ಪ ಅಮ್ಮ ಪಕ್ಕದಲ್ಲೇ ಕೂತು ಬ್ರಾಂಚ್ ತುಂಬಿಸಿದ್ದು ನೆನಪಿರುವ ಯಾರಿಗಾದರೂ ಈ ಕಥೆ ಹತ್ತಿರ ಅನ್ನಿಸುತ್ತೆ.

ಆಮೇಲೆ ಅವನು ಪ್ಯಾರಿಸ್ ಮತ್ತು ಕಲೋನ್‌ನಲ್ಲಿ ಆಲ್ಬರ್ಟ್ ಅನ್ನೋ ಗುರುವಿನ ಹತ್ತಿರ ಓದಿದ. ದಪ್ಪ ಮೈಕಟ್ಟು, ಮಾತು ಕಡಿಮೆ. ಜೊತೆಯವರು ಅವನನ್ನು ಮೂಕ ಎತ್ತು ಅಂತ ರೇಗಿಸುತ್ತಿದ್ದರಂತೆ. ಆ ಮೂಕ ಎತ್ತು ಸುಮಾರು 1265ರಿಂದ 1273ರವರೆಗೆ ಬರೆದ 'ಸುಮ್ಮಾ ಥಿಯೊಲಾಜಿಯೆ' ಇವತ್ತಿಗೂ ಜನ ಓದುವ ಪುಸ್ತಕ. ಅದರಲ್ಲಿ 500ಕ್ಕೂ ಹೆಚ್ಚು ಪ್ರಶ್ನೆಗಳಿವೆ. ಎರಡನೇ ಭಾಗದಲ್ಲಿ, 90ನೇ ಪ್ರಶ್ನೆಯಿಂದ ಕಾನೂನಿನ ಚರ್ಚೆ ಶುರುವಾಗುತ್ತೆ. 94ನೇ ಪ್ರಶ್ನೆ ಪೂರ್ತಿ ಸಹಜ ನಿಯಮದ ಬಗ್ಗೆ.

ಅಲ್ಲಿರೋದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಮೊದಲು ಅವನು ಕಾನೂನು ಅಂದ್ರೆ ಏನು ಅಂತ ಡೆಫಿನಿಷನ್ ಕೊಡುತ್ತಾನೆ. ಅದರಲ್ಲಿ ನಾಲ್ಕು ಕಂಡಿಷನ್ ಇವೆ. ಕಾನೂನು ವಿವೇಕದಿಂದ ಬಂದಿರಬೇಕು, ಎಲ್ಲರ ಒಳಿತಿಗಾಗಿ ಇರಬೇಕು, ಸಮುದಾಯವನ್ನು ನೋಡಿಕೊಳ್ಳುವ ಜವಾಬ್ದಾರಿ ಇರುವವರು ಮಾಡಿರಬೇಕು, ಮತ್ತು ಅದನ್ನು ಎಲ್ಲರಿಗೂ ಗೊತ್ತಾಗುವಂತೆ ಸಾರಿರಬೇಕು. ಯಾವನೋ ಒಬ್ಬನ ಇಷ್ಟಕ್ಕೆ ಬಂದದ್ದೆಲ್ಲಾ ಕಾನೂನಲ್ಲ.

ಆಮೇಲೆ ನಾಲ್ಕು ಮಟ್ಟಗಳನ್ನು ಹೇಳುತ್ತಾನೆ. ದೇವರು ಇಡೀ ಜಗತ್ತನ್ನು ನಡೆಸುವ ಯೋಜನೆ ಶಾಶ್ವತ ನಿಯಮ. ಕಲ್ಲು, ಮರ, ಪ್ರಾಣಿ ಎಲ್ಲವೂ ಗೊತ್ತಿಲ್ಲದೆಯೇ ಅದರಂತೆ ನಡೆಯುತ್ತವೆ. ಮನುಷ್ಯನಿಗೆ ಮಾತ್ರ ಬುದ್ಧಿ ಇರೋದರಿಂದ, ಅವನು ಆ ಯೋಜನೆಯಲ್ಲಿ ತಿಳಿದು ಪಾಲುಗೊಳ್ಳುತ್ತಾನೆ. ಆ ಪಾಲೇ ಸಹಜ ನಿಯಮ. ಮನುಷ್ಯರು ಮಾಡಿಕೊಂಡದ್ದು ಮಾನವ ಕಾನೂನು, ಬೈಬಲ್ಲಿನಲ್ಲಿ ಬಂದದ್ದು ದೈವಿಕ ಕಾನೂನು. ಇದರಲ್ಲಿ ಗಮನಿಸಬೇಕಾದ ವಿಷಯ ಏನಂದ್ರೆ, ಸಹಜ ನಿಯಮ ತಿಳಿಯೋಕೆ ಬೈಬಲ್ ಓದಿರಲೇಬೇಕು ಅಂತಿಲ್ಲ. ಈ ಮಾತು ಅಕ್ವಿನಾಸನಿಗಿಂತಲೂ ಹಳೆಯದು. ಯೆಹೂದ್ಯರಲ್ಲದವರ ಹೃದಯದಲ್ಲೂ ಆ ನಿಯಮ ಬರೆದಿದೆ ಅಂತ ಸಂತ ಪೌಲ ರೋಮಿನವರಿಗೆ ಬರೆದ ಪತ್ರದಲ್ಲೇ ಇದೆ. ನಾನು ಕ್ರೈಸ್ತ ಅಲ್ಲ. ಆದರೂ ಈ ಲೆಕ್ಕದಲ್ಲಿ ನಾನೂ ಹೊರಗಿನವನಲ್ಲ.

ಸಹಜ ನಿಯಮದ ಮೊದಲ ಕಟ್ಟಳೆ ತುಂಬಾ ಸರಳ. ಒಳ್ಳೆಯದನ್ನು ಮಾಡಬೇಕು, ಕೆಟ್ಟದ್ದರಿಂದ ದೂರ ಇರಬೇಕು. ಇಷ್ಟೇನಾ, ಇದನ್ನು ನಮ್ಮಜ್ಜಿನೂ ಹೇಳ್ತಿದ್ರಲ್ಲ ಅಂತ ನನಗೂ ಅನ್ನಿಸಿತು. ಆದರೆ ಅಕ್ವಿನಾಸ್ ಇದನ್ನು ಉಪದೇಶ ಅಂತ ಹೇಳುತ್ತಿಲ್ಲ, ಆಕ್ಸಿಯಮ್ ಥರ ಇಡುತ್ತಿದ್ದಾನೆ. ಒಂದು ಮಾತು ಒಂದೇ ಅರ್ಥದಲ್ಲಿ ಒಟ್ಟಿಗೇ ನಿಜವೂ ಸುಳ್ಳೂ ಆಗಿರೋಕೆ ಸಾಧ್ಯ ಇಲ್ಲ. ಇದನ್ನು ಒಪ್ಪದೆ ಯಾವ ತರ್ಕವನ್ನೂ ಶುರು ಮಾಡೋಕಾಗಲ್ಲ. ಅದೇ ಥರ ಏನು ಮಾಡಬೇಕು ಅನ್ನೋ ಯೋಚನೆಗೆ ಈ ಮೊದಲ ಕಟ್ಟಳೆ. ಇದರ ಕೆಳಗೆ, ನಮ್ಮ ಸಹಜ ಒಲವುಗಳನ್ನು ನೋಡಿ ಅವನು ಮೂರು ಗುಂಪು ಮಾಡುತ್ತಾನೆ. ಇರುವ ಎಲ್ಲದರಂತೆ ನಾವೂ ಬದುಕುಳಿಯೋಕೆ ನೋಡುತ್ತೇವೆ. ಪ್ರಾಣಿಗಳಂತೆ ಜೋಡಿಯಾಗಿ ಮಕ್ಕಳನ್ನು ಸಾಕುತ್ತೇವೆ. ಬುದ್ಧಿ ಇರುವವರಾಗಿ ಸತ್ಯ ತಿಳಿಯೋಕೆ, ನಾಲ್ಕು ಜನರ ಜೊತೆ ಬಾಳೋಕೆ ಬಯಸುತ್ತೇವೆ. ಅವನಿಗೆ ಆ ಸತ್ಯ ಅಂದ್ರೆ ಮುಖ್ಯವಾಗಿ ದೇವರ ಬಗೆಗಿನ ಸತ್ಯ.

ಇಲ್ಲಿವರೆಗೆ ಸ್ಲೈಡಿಗೆ ಸಾಕು. ನಾನು ಓದೋದನ್ನು ನಿಲ್ಲಿಸದೇ ಇರೋಕೆ ಎರಡನೇ ಕಾರಣ ಅದೇ 94ನೇ ಪ್ರಶ್ನೆಯ ನಾಲ್ಕನೇ ಭಾಗ. ಸಹಜ ನಿಯಮ ಎಲ್ಲರಿಗೂ ಒಂದೇನಾ ಅನ್ನೋದು ಅಲ್ಲಿನ ಪ್ರಶ್ನೆ. ಹೌದು ಅಂತ ಒಂದೇ ಮಾತಲ್ಲಿ ಮುಗಿಸುತ್ತಾನೆ ಅಂದುಕೊಂಡಿದ್ದೆ. ಅವನು ಹಾಗೆ ಮಾಡಲ್ಲ. ತ್ರಿಕೋನದ ಮೂರು ಕೋನ ಸೇರಿದರೆ ಎರಡು ಲಂಬಕೋನ. ಇದು ಎಲ್ಲರಿಗೂ ಗೊತ್ತಿಲ್ಲದಿದ್ದರೂ ಎಲ್ಲರಿಗೂ ನಿಜ. ಆದರೆ ನಡವಳಿಕೆಯ ವಿಷಯ ಹಾಗಲ್ಲ. ಮೇಲಿನ ತತ್ವಗಳು ಗಟ್ಟಿ, ಕೆಳಗೆ ವಿವರಗಳಿಗೆ ಇಳಿದಷ್ಟೂ ನಿಯಮ ಕೈಕೊಡುವ ಸಂದರ್ಭಗಳು ಹೆಚ್ಚುತ್ತಾ ಹೋಗುತ್ತವೆ.

ಅವನು ಕೊಡುವ ಉದಾಹರಣೆ ಇದು. ಬೇರೆಯವರು ನಮ್ಮ ಹತ್ತಿರ ನಂಬಿ ಇಟ್ಟ ವಸ್ತುವನ್ನು ಕೇಳಿದಾಗ ವಾಪಸ್ ಕೊಡಬೇಕು. ಹೆಚ್ಚಿನ ಸಂದರ್ಭಗಳಲ್ಲಿ ಇದು ಸರಿ. ಆದರೆ ಅವನು ಅದನ್ನು ಕೇಳುತ್ತಿರುವುದು ಸ್ವಂತ ದೇಶದ ಮೇಲೇ ಯುದ್ಧ ಮಾಡೋಕೆ ಅಂತಾದರೆ? ಆಗ ಕೊಡುವುದೇ ತಪ್ಪು. ಅದೇ ಪುಸ್ತಕದ ಇನ್ನೊಂದು ಕಡೆ, ಕತ್ತಿಯನ್ನು ಇಟ್ಟುಹೋದವನು ಬುದ್ಧಿ ಕೆಟ್ಟ ಸ್ಥಿತಿಯಲ್ಲಿ ಬಂದು ಅದನ್ನು ಕೇಳುವ ಉದಾಹರಣೆಯೂ ಬರುತ್ತೆ. ಪ್ಲೇಟೋನ 'ರಿಪಬ್ಲಿಕ್'ನ ಮೊದಲ ಅಧ್ಯಾಯದಲ್ಲೂ ಇಂಥದ್ದೇ ಒಂದು ಮಾತಿದೆ. ಅಂದ್ರೆ ಎರಡು ಸಾವಿರ ವರ್ಷಕ್ಕಿಂತ ಹಳೆಯ ಪ್ರಶ್ನೆ ಇದು.

ಇದನ್ನು ಓದುವಾಗ ನನ್ನ ಮೈ ಜುಂ ಅಂತು. ಯಾಕಂದ್ರೆ ಅದಕ್ಕೆ ಮೂರು ವಾರ ಮೊದಲು ನಮ್ಮ ರೂಮಿನಲ್ಲೇ ಇದು ನಡೆದಿತ್ತು.

ಇಂಟರ್ನಲ್ಸ್ ಶುರುವಾಗುವ ಮುಂಚೆ ನನ್ನ ರೂಮ್‌ಮೇಟ್ ಅವನ ಬೈಕಿನ ಕೀಯನ್ನು ನನ್ನ ಕೈಗೆ ಕೊಟ್ಟಿದ್ದ. "ನನ್ನ ಹತ್ರ ಇದ್ರೆ ಸುತ್ತಕ್ಕೆ ಹೋಗ್ಬಿಡ್ತೀನಿ ಮಗಾ, ನೀನಿಟ್ಕೊ, ಬೇಕಾದಾಗ ಕೇಳ್ತೀನಿ" ಅಂದಿದ್ದ. ನಾನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದೆ. ಒಂದು ರಾತ್ರಿ ಹನ್ನೊಂದರ ಹತ್ತಿರ ಅವನು ಫೋನಿನಲ್ಲಿ ಯಾರ ಜೊತೆಗೋ ಕಿರುಚಾಡುತ್ತಾ ಬಂದ. ಸಾಯಂಕಾಲ ಗ್ರೌಂಡಿನಲ್ಲಿ ಬೇರೆ ಪಿಜಿಯ ಹುಡುಗರ ಜೊತೆ ಶುರುವಾಗಿದ್ದ ಜಗಳ. ಮಂಚದ ಕೆಳಗಿಂದ ಕ್ರಿಕೆಟ್ ವಿಕೆಟ್ ಒಂದನ್ನು ಎಳೆದುಕೊಂಡು, "ಕೀ ಕೊಡೋ" ಅಂದ.

"ಬೆಳಗ್ಗೆ ಕೊಡ್ತೀನಿ" ಅಂದೆ.

"ಗಾಡಿ ನಂದು ಕಣೋ. ಆರ್‌ಸಿ ನಮ್ಮಪ್ಪನ ಹೆಸರಲ್ಲಿದೆ. ಕೊಡಲ್ಲ ಅನ್ನಕ್ಕೆ ನೀನ್ಯಾರು?"

ಅವನು ಕೇಳಿದ್ದರಲ್ಲಿ ಲಾಜಿಕ್ ಇತ್ತು. ಕೀ ಅವನದು, ಗಾಡಿ ಅವನದು, ಕೇಳಿದಾಗ ಕೊಡುತ್ತೇನೆ ಅಂತ ಒಪ್ಪಿಕೊಂಡವನು ನಾನು. ನನಗೆ ವಾದ ಮಾಡೋಕೆ ಬರಲಿಲ್ಲ, ಬೀರುವಿಗೆ ಬೆನ್ನು ಕೊಟ್ಟು ನಿಂತೆ. ಅರ್ಧ ಗಂಟೆ ಕೂಗಾಡಿ, ವಿಕೆಟ್ಟನ್ನು ಮೂಲೆಗೆ ಎಸೆದು ಮಲಗಿದ. ಬೆಳಗ್ಗೆ ನಾನೇ ಕೀ ಕೊಟ್ಟೆ. ಅವನು ತಗೊಂಡ, ಮಾತಾಡಲಿಲ್ಲ. ಹನ್ನೆರಡು ದಿನ ಮಾತಾಡಲಿಲ್ಲ. ಆಮೇಲೆ ಬೇರೆ ರೂಮಿಗೆ ಶಿಫ್ಟ್ ಆದ. ಈಗ ಮೆಸ್ಸಿನಲ್ಲಿ ಸಿಕ್ಕರೆ ತಲೆ ಅಲ್ಲಾಡಿಸುತ್ತಾನೆ, ಅಷ್ಟೇ.

ಅಕ್ವಿನಾಸನನ್ನು ಓದಿದಾಗ ನನಗೆ ಮೊದಲು ಆದದ್ದು ಸಮಾಧಾನ. ನೋಡು, ಇಷ್ಟು ದೊಡ್ಡ ತತ್ವಜ್ಞಾನಿ ನನ್ನ ಪರ ಇದ್ದಾನೆ ಅಂತ. ಆದರೆ ಮುಂದೆ ಓದಿದಂತೆ ಅವನು ಅಷ್ಟು ಸುಲಭಕ್ಕೆ ಸಮಾಧಾನ ಕೊಡುವವನಲ್ಲ ಅಂತ ಗೊತ್ತಾಯಿತು. ಒಂದು ನಿಯಮಕ್ಕೆ ವಿನಾಯಿತಿ ಇದೆ ಅಂದ ಕೂಡಲೇ ಇನ್ನೊಂದು ಪ್ರಶ್ನೆ ಏಳುತ್ತೆ. ಆ ವಿನಾಯಿತಿಯನ್ನು ಯಾರು ತೀರ್ಮಾನಿಸಬೇಕು? ಹೊಡೆದಾಟಕ್ಕೆ ಹೋಗುವವನಿಗೆ ಕೀ ಕೊಡಬಾರದು, ಸರಿ. ಓದದೆ ಸಿನಿಮಾಕ್ಕೆ ಹೋಗುವವನಿಗೆ? ನನಗೆ ಇಷ್ಟವಿಲ್ಲದ ಹುಡುಗಿಯನ್ನು ನೋಡೋಕೆ ಹೋಗುವವನಿಗೆ? ಹೀಗೇ ಹೋದರೆ ಒಳ್ಳೆಯದು ಅನ್ನೋ ಹೆಸರಿನಲ್ಲಿ ಪ್ರತಿಯೊಬ್ಬನೂ ಇನ್ನೊಬ್ಬನ ಕೀ ಹಿಡಿದು ಕೂರಬಹುದು.

ಇದಕ್ಕೂ ಅವನ ಹತ್ತಿರ ಒಂದು ಉದಾಹರಣೆ ಇದೆ, 96ನೇ ಪ್ರಶ್ನೆಯಲ್ಲಿ. ಶತ್ರುಗಳು ಊರನ್ನು ಮುತ್ತಿಗೆ ಹಾಕಿದ್ದಾರೆ. ಕೋಟೆ ಬಾಗಿಲು ಮುಚ್ಚಿರಬೇಕು ಅನ್ನೋದು ಕಾನೂನು. ಆದರೆ ಊರನ್ನು ಕಾಯುವ ನಮ್ಮವರನ್ನೇ ಶತ್ರುಗಳು ಅಟ್ಟಿಸಿಕೊಂಡು ಬರುತ್ತಿದ್ದರೆ, ಬಾಗಿಲು ತೆಗೆಯಲೇಬೇಕು. ಕಾನೂನಿನ ಅಕ್ಷರ ಮುರಿದರೂ ಅದರ ಉದ್ದೇಶ ಉಳಿಯುತ್ತೆ, ಯಾಕಂದ್ರೆ ಬಾಗಿಲು ಮುಚ್ಚಿಸಿದ್ದೇ ಊರು ಉಳಿಯಲಿ ಅಂತ. ಆದರೆ ಅಲ್ಲೇ ಅವನು ಬ್ರೇಕ್ ಹಾಕುತ್ತಾನೆ. ಯಾವುದು ಊರಿಗೆ ಒಳ್ಳೆಯದು ಅಂತ ಯಾರು ಬೇಕಾದರೂ ತೀರ್ಮಾನ ಮಾಡುವ ಹಾಗಿಲ್ಲ. ಸಮಯ ಇದ್ದರೆ ಅಧಿಕಾರ ಇರುವವರನ್ನು ಕೇಳಬೇಕು. ಕೇಳುವಷ್ಟೂ ಸಮಯ ಇಲ್ಲದ ಅಪಾಯ ಎದುರಿಗೇ ಬಂದಾಗ ಮಾತ್ರ ಆ ಅನಿವಾರ್ಯತೆಯೇ ಅನುಮತಿ.

ಇದನ್ನು ನಾನು ಮೂರು ಚೆಕ್ ಮಾಡಿಕೊಂಡೆ. ನಿಯಮ ಇರೋದು ಯಾವುದಕ್ಕೆ? ಈಗ ಅದನ್ನು ಪಾಲಿಸಿದರೆ ಅದೇ ಉದ್ದೇಶಕ್ಕೆ ಏಟು ಬೀಳುತ್ತಾ? ಬೇರೆಯವರನ್ನು ಕೇಳೋಕೆ ಟೈಮ್ ಇದೆಯಾ? ಸಿನಿಮಾಕ್ಕೆ ಹೋಗುವವನ ಕೀ ಹಿಡಿಯೋದು ಎರಡನೇ ಚೆಕ್‌ನಲ್ಲೇ ಫೇಲ್. ವಿನಾಯಿತಿ ಅನ್ನೋದು ನನ್ನ ಇಷ್ಟಾನಿಷ್ಟಕ್ಕೆ ಕೊಟ್ಟ ಲೈಸೆನ್ಸ್ ಅಲ್ಲ.

ಇಂಜಿನಿಯರಿಂಗ್ ಓದುವವರಿಗೆ ಇಷ್ಟವಾಗುವ ಇನ್ನೊಂದು ಮಾತು 95ನೇ ಪ್ರಶ್ನೆಯಲ್ಲಿದೆ. ಸಹಜ ನಿಯಮದಿಂದ ಮನುಷ್ಯರ ಕಾನೂನು ಎರಡು ದಾರಿಯಲ್ಲಿ ಬರುತ್ತೆ. ಒಂದು, ಥಿಯರಮ್‌ನಿಂದ ಕರೊಲರಿ ಬಂದ ಹಾಗೆ. ಯಾರಿಗೂ ಕೇಡು ಮಾಡಬಾರದು, ಹಾಗಾಗಿ ಕೊಲ್ಲಬಾರದು. ಇನ್ನೊಂದು, ಮನೆ ಕಟ್ಟುವವನು ಮನೆ ಅನ್ನೋ ಸಾಮಾನ್ಯ ಕಲ್ಪನೆಯನ್ನು ಇಂಥದ್ದೇ ಆಕಾರದ ಒಂದು ಮನೆಯಾಗಿ ಇಳಿಸುವ ಹಾಗೆ. ತಪ್ಪು ಮಾಡಿದವನಿಗೆ ಶಿಕ್ಷೆ ಆಗಬೇಕು ಅನ್ನೋದು ಸಹಜ ನಿಯಮ, ಎಂಥ ಶಿಕ್ಷೆ ಅನ್ನೋದು ಡಿಸೈನ್ ಡಿಸಿಷನ್. ನಾವು ರಸ್ತೆಯ ಎಡಗಡೆ ಗಾಡಿ ಓಡಿಸುತ್ತೇವೆ, ಅಕ್ವಿನಾಸನ ಇಟಲಿಯಲ್ಲಿ ಈಗ ಬಲಗಡೆ. ಎರಡೂ ಸರಿ. ಎದುರಿಗೆ ಬರುವವನ ಜೀವ ತೆಗೆಯಬಾರದು ಅನ್ನೋದು ಮಾತ್ರ ಎರಡೂ ಕಡೆ ಒಂದೇ. ನ್ಯಾಯಕ್ಕೆ ವಿರುದ್ಧವಾದ ಕಾನೂನು ಹೆಸರಿಗಷ್ಟೇ ಕಾನೂನು, ನಿಜದಲ್ಲಿ ಕಾನೂನಿನ ವಿಕಾರ ಅನ್ನೋ ಅವನ ಮಾತು ಇಲ್ಲಿಂದಲೇ ಬರುತ್ತೆ. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಪತ್ರ ಬರೆದಾಗ, ವರ್ಣಭೇದದ ಕಾನೂನುಗಳನ್ನು ಯಾಕೆ ಮುರಿಯುತ್ತಿದ್ದೇನೆ ಅಂತ ಹೇಳೋಕೆ ಅಕ್ವಿನಾಸನ ಹೆಸರನ್ನೇ ತೆಗೆದುಕೊಂಡ.

ಹಾಗಂತ ಅಕ್ವಿನಾಸನನ್ನು ಹಾರ ಹಾಕಿ ಪೂಜೆ ಮಾಡೋಣ ಅಂತ ನಾನು ಹೇಳುತ್ತಿಲ್ಲ. ಇದೇ ಪುಸ್ತಕದಲ್ಲಿ, ಚರ್ಚಿನ ನಂಬಿಕೆಗೆ ವಿರುದ್ಧ ನಿಂತು ತಿದ್ದಿದರೂ ಹಠ ಬಿಡದವರಿಗೆ ಮರಣದಂಡನೆ ನ್ಯಾಯ ಅಂತಲೂ ಅವನು ಬರೆದಿದ್ದಾನೆ. ಅವನ ತರ್ಕ ಏನಂದ್ರೆ, ಖೋಟಾ ನಾಣ್ಯ ಮಾಡುವವರನ್ನೇ ರಾಜರು ಕೊಲ್ಲುತ್ತಾರೆ, ಆತ್ಮಕ್ಕೆ ಜೀವ ಕೊಡುವ ನಂಬಿಕೆಯನ್ನು ಕೆಡಿಸುವುದು ಅದಕ್ಕಿಂತ ದೊಡ್ಡ ಅಪರಾಧ. ಒಂದೊಂದೇ ಮೆಟ್ಟಿಲು ನೀಟಾಗಿ ಇಳಿದು ಭಯಂಕರ ಜಾಗಕ್ಕೆ ಬಂದು ನಿಂತಿದ್ದಾನೆ. ವಿವರಕ್ಕೆ ಇಳಿದಷ್ಟೂ ಎಡವುವ ಸಾಧ್ಯತೆ ಹೆಚ್ಚು ಅಂತ ಹೇಳಿದವನು ಅವನೇ. ಆ ಮಾತಿಗೆ ಅವನೇ ಉದಾಹರಣೆ ಆದ ಅನ್ನಿಸುತ್ತೆ.

ಅವನ ನಂತರದ ಕ್ರೈಸ್ತ ಚಿಂತಕರೂ ಅವನನ್ನು ಪೂರ್ತಿ ಒಪ್ಪಲಿಲ್ಲ. ಹತ್ತು ಆಜ್ಞೆಗಳಲ್ಲಿ ಇರೋದು ನ್ಯಾಯದ ತಿರುಳೇ ಆದ್ದರಿಂದ ಅವುಗಳಿಂದ ವಿನಾಯಿತಿ ಅನ್ನೋದೇ ಇಲ್ಲ ಅಂತ ಅಕ್ವಿನಾಸ್ ಅಂದರೆ, ಸುಮಾರು 1266ರಲ್ಲಿ ಹುಟ್ಟಿದ ಡನ್ಸ್ ಸ್ಕಾಟಸ್, ಕಟ್ಟುನಿಟ್ಟಾಗಿ ನೋಡಿದರೆ ದೇವರ ಬಗೆಗಿನ ಮೊದಲ ಆಜ್ಞೆಗಳು ಮಾತ್ರ ಸಹಜ ನಿಯಮ ಅಂದ. ಕೊಲ್ಲಬೇಡ, ಕದಿಯಬೇಡ ಅನ್ನೋವು ಅದಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತವೆ, ಆದರೆ ದೇವರು ಅವುಗಳಿಗೆ ವಿನಾಯಿತಿ ಕೊಡಬಲ್ಲ ಅಂತ ಅವನ ವಾದ. ಒಳ್ಳೆಯದು ಅಂತ ದೇವರು ಹೇಳಿದ್ದಾ, ದೇವರು ಹೇಳಿದ್ದಕ್ಕೆ ಒಳ್ಳೆಯದಾ? ಹಾಸ್ಟೆಲ್ ಟೆರೇಸಿನಲ್ಲಿ ರಾತ್ರಿ ಎರಡರವರೆಗೆ ಎಳೆಯಬಹುದಾದ ಈ ಚರ್ಚೆಯನ್ನು ಅವರು ತಲೆಮಾರುಗಟ್ಟಲೆ ಎಳೆದರು.

ನನಗೆ ಇನ್ನೂ ಕಾಡುವುದು ಬೇರೆ ಒಂದು ವಿಷಯ. ಹಳೆಯ ಜರ್ಮನ್ ಬುಡಕಟ್ಟುಗಳು ಕಳ್ಳತನವನ್ನು ತಪ್ಪು ಅಂತಲೇ ಎಣಿಸುತ್ತಿರಲಿಲ್ಲ ಅಂತ ಜೂಲಿಯಸ್ ಸೀಸರ್ ಬರೆದಿದ್ದನ್ನು ಅಕ್ವಿನಾಸ್ ನೆನಪಿಸುತ್ತಾನೆ. ಕೆಟ್ಟ ರೂಢಿಯಿಂದ ಇಡೀ ಗುಂಪಿನ ಬುದ್ಧಿಗೇ ಮಂಕು ಕವಿಯಬಹುದು ಅಂತ. ನಮ್ಮಲ್ಲಿ ಅಸೈನ್‌ಮೆಂಟ್ ಕಾಪಿ ಹೊಡೆಯೋದನ್ನು ಯಾರೂ ಕಾಪಿ ಅನ್ನಲ್ಲ, 'ರೆಫರ್ ಮಾಡ್ದೆ' ಅಂತಾರೆ. ಲ್ಯಾಬಿನಲ್ಲಿ ರೀಡಿಂಗ್ ಬರದಿದ್ದರೆ ಗ್ರಾಫಿನಿಂದ ರಿವರ್ಸ್ ಹೋಗೋದಕ್ಕೆ 'ಅಡ್ಜಸ್ಟ್ ಮಾಡೋದು' ಅಂತ ಹೆಸರು. ಪದ ಬದಲಾದರೆ ಸಾಕು, ಮನಸ್ಸಿಗೆ ಚುಚ್ಚೋದು ನಿಲ್ಲುತ್ತೆ. ಇನ್ನು ಮೂರ್ನಾಲ್ಕು ವರ್ಷಕ್ಕೆ ನಮ್ಮಲ್ಲಿ ಕೆಲವರು ಸೇತುವೆಯ ಡ್ರಾಯಿಂಗಿಗೆ, ಬ್ರೇಕಿನ ಟೆಸ್ಟ್ ರಿಪೋರ್ಟಿಗೆ ಸೈನ್ ಹಾಕುತ್ತಿರುತ್ತೇವೆ. ಅಲ್ಲೂ ಯಾರೋ 'ಅಡ್ಜಸ್ಟ್ ಮಾಡಿ' ಅಂತಾರೆ. ಮೊದಲ ಕಟ್ಟಳೆ ಆಗಲೂ ನಮಗೆ ಗೊತ್ತಿರುತ್ತೆ. ಆ ರಿಪೋರ್ಟಿನ ಆ ಒಂದು ಸಾಲಿಗೆ ಅದನ್ನು ಇಳಿಸಿ ನೋಡುವ ಅಭ್ಯಾಸ ಇರುತ್ತಾ ಅನ್ನೋದೇ ಪ್ರಶ್ನೆ.

ಆ ಅಭ್ಯಾಸಕ್ಕೆ ಅಕ್ವಿನಾಸ್ ಬರೆಯುವ ರೀತಿಯಲ್ಲೇ ಒಂದು ದಾರಿ ಇದೆ. ಪ್ರತಿ ಪ್ರಶ್ನೆಗೂ ಅವನು ಮೊದಲು ಬರೆಯೋದು ತನ್ನ ಉತ್ತರವನ್ನಲ್ಲ, ತನಗೆ ವಿರುದ್ಧವಾದ ವಾದಗಳನ್ನು. ಒಂದು, ಎರಡು, ಮೂರು ಅಂತ ನಂಬರ್ ಹಾಕಿ. ಆಮೇಲೆ ತನ್ನ ಮಾತು. ಕೊನೆಗೆ ಆ ಒಂದೊಂದು ವಾದಕ್ಕೂ ಉತ್ತರ, ಯಾವುದನ್ನೂ ಬಿಡದೆ. ಇದೇ ರೀತಿ ವರ್ಷಗಟ್ಟಲೆ ಬರೆದು, 1273ರ ಡಿಸೆಂಬರಿನಲ್ಲಿ ಒಂದು ದಿನ ಬರೆಯೋದನ್ನು ನಿಲ್ಲಿಸಿಬಿಟ್ಟ. ಮುಂದಿನ ಮಾರ್ಚ್‌ನಲ್ಲಿ ತೀರಿಕೊಂಡ. ಪುಸ್ತಕ ಅಪೂರ್ಣವಾಗಿಯೇ ಉಳಿಯಿತು.

ನಾನೀಗ ಯಾವುದಾದರೂ ವಿಷಯಕ್ಕೆ ತಲೆ ಕೆಟ್ಟಾಗ ನೋಟ್‌ಬುಕ್ಕಿನ ಕೊನೇ ಪೇಜಿನಲ್ಲಿ ಇದನ್ನು ಮಾಡುತ್ತೇನೆ. ನಾನು ಮಾಡಬೇಕು ಅಂತಿರುವ ಕೆಲಸ ಯಾಕೆ ತಪ್ಪು ಅಂತ ಮೊದಲು ಮೂರು ಕಾರಣ ಬರೆಯೋದು. ಮೂರಕ್ಕೂ ಉತ್ತರ ಬಂದರೆ ಮಾಡೋದು. ಎಷ್ಟೋ ಸಲ ಎರಡಕ್ಕೆ ಉತ್ತರ ಸಿಗುತ್ತೆ, ಮೂರನೆಯದು ಖಾಲಿ ಉಳಿಯುತ್ತೆ. ನೀವೂ ಒಂದ್ಸಲ ಟ್ರೈ ಮಾಡಿ ನೋಡಿ.